77 ವರ್ಷ ತಡವಾಗಿ ಬಂದ ಲೆಕ್ಕ

ಸತ್ತು 77 ವರ್ಷವಾದ ಮೇಲೆ ಒಬ್ಬ ಆಟಗಾರ ದಾಖಲೆ ಮುರಿಯುವುದುಂಟೇ? ಉಂಟು ಮಕ್ಕಳೇ. 2024ರ ಮೇ ತಿಂಗಳ ಕೊನೆಯಲ್ಲಿ ಅಮೆರಿಕದಲ್ಲಿ ಹಾಗೇ ಆಯಿತು. ಅಲ್ಲಿನ ಬೇಸ್‌ಬಾಲ್ ಆಟದಲ್ಲಿ ಟೈ ಕಾಬ್ ಎಂಬ ಮಹಾಶಯನ ಹೆಸರಿನಲ್ಲಿ ಸುಮಾರು ನೂರು ವರ್ಷದಿಂದ ಭದ್ರವಾಗಿ ಕೂತಿದ್ದ ಬ್ಯಾಟಿಂಗ್ ಸರಾಸರಿಯ ದಾಖಲೆಯನ್ನು ಜಾಶ್ ಗಿಬ್ಸನ್ ಎಂಬವನು ಮುರಿದ. ಅಷ್ಟೇ ಅಲ್ಲ, ಬೇಬ್ ರೂತ್ ಹೆಸರಿನಲ್ಲಿದ್ದ ಇನ್ನೊಂದು ದೊಡ್ಡ ದಾಖಲೆಯೂ ಅದೇ ದಿನ ಗಿಬ್ಸನ್‌ನ ಪಾಲಾಯಿತು. ಈ ಗಿಬ್ಸನ್ ತೀರಿಕೊಂಡದ್ದು 1947ರ ಜನವರಿ 20ರಂದು, 35ನೆಯ ವಯಸ್ಸಿನಲ್ಲಿ.

ಅವನೇನೂ ಸಮಾಧಿಯಿಂದ ಎದ್ದು ಬಂದು ಬ್ಯಾಟು ಬೀಸಲಿಲ್ಲ. ಆಡಿದ ಆಟ ಆಡಿಯೇ ಆಗಿತ್ತು. ಪುಸ್ತಕಕ್ಕೆ ಏರಿರಲಿಲ್ಲ, ಈಗ ಏರಿತು. ಇಡೀ ಆಯುಸ್ಸನ್ನು ಲೆಡ್ಜರುಗಳ ಮಧ್ಯೆ ಕಳೆದ ನನ್ನಂಥ ಗುಮಾಸ್ತನಿಗೆ ಈ ಸುದ್ದಿ ಓದಿ ಎಷ್ಟು ಸಂತೋಷವಾಯಿತೆಂದರೆ, ಮನೆಯವಳು "ಪೆನ್ಷನ್ ಅರಿಯರ್ಸ್ ಬಂತೇನ್ರೀ?" ಎಂದು ಕೇಳಿದಳು.

ಮೊದಲು ಆಟದ ಬಗ್ಗೆ ಎರಡು ಮಾತು. ನಮ್ಮ ಮಕ್ಕಳಿಗೆ ಕ್ರಿಕೆಟ್ ಗೊತ್ತು, ಬೇಸ್‌ಬಾಲ್ ಗೊತ್ತಿರಲಾರದು. ಅಲ್ಲಿ ಚೆಂಡು ಎಸೆಯುವವನು ಪಿಚರ್. ಅವನು 60 ಅಡಿ 6 ಅಂಗುಲ ದೂರದಿಂದ ಎಸೆಯುತ್ತಾನೆ. ಚೆಂಡು ನೆಲಕ್ಕೆ ತಾಗದೆ ನೇರ ಬರುತ್ತದೆ. ಬ್ಯಾಟು ದುಂಡಗಿನ ದೊಣ್ಣೆ. ಹೊಡೆದವನು ಓಡಬೇಕಾದ ಮೈದಾನ ಚೌಕವಾಗಿದೆ, ನಾಲ್ಕು ಮೂಲೆಗೆ ನಾಲ್ಕು ಬೇಸುಗಳು, ಒಂದರಿಂದ ಇನ್ನೊಂದಕ್ಕೆ 90 ಅಡಿ. ಚೆಂಡನ್ನು ಬೇಲಿಯಾಚೆ ಅಟ್ಟಿದರೆ ಹೋಮ್ ರನ್, ನಮ್ಮ ಸಿಕ್ಸರ್ ಇದ್ದ ಹಾಗೆ.

ಬ್ಯಾಟುಗಾರನ ಹಿಂದೆ ಕುಕ್ಕರುಗಾಲಿನಲ್ಲಿ ಕೂತು ಚೆಂಡು ಹಿಡಿಯುವವನೇ ಕ್ಯಾಚರ್. ನಮ್ಮ ವಿಕೆಟ್‌ಕೀಪರಿನ ಅಣ್ಣ ಅನ್ನಿ. ಆದರೆ ಕೆಲಸ ಇನ್ನೂ ಕಷ್ಟದ್ದು. ಮುಖಕ್ಕೆ ಕಬ್ಬಿಣದ ಜಾಲರಿ, ಎದೆಗೆ ದಪ್ಪ ಕವಚ, ಮೊಣಕಾಲಿನಿಂದ ಪಾದದವರೆಗೆ ಪಟ್ಟಿ ಕಟ್ಟಿಕೊಂಡು ಬೇಸಗೆಯ ಬಿಸಿಲಲ್ಲಿ ನೂರಾರು ಸಲ ಕೂತು ಏಳಬೇಕು. ಅಮೆರಿಕದ ಆಟಗಾರರೇ ತಮಾಷೆಗೆ ಈ ಸಾಮಾನುಗಳನ್ನು ಅಜ್ಞಾನದ ಸಲಕರಣೆಗಳು ಅನ್ನುತ್ತಾರೆ, ಬುದ್ಧಿ ಇದ್ದವನು ಈ ಕೆಲಸಕ್ಕೆ ಬರುತ್ತಾನೆಯೇ ಎಂದು. ನಿಜ ಹೇಳಬೇಕೆಂದರೆ ತಂಡದಲ್ಲಿ ಹೆಚ್ಚು ಬುದ್ಧಿ ಬೇಕಾದದ್ದು ಅವನಿಗೇ. ಯಾವ ಚೆಂಡು ಎಸೆಯಬೇಕೆಂದು ತೊಡೆಗಳ ಮಧ್ಯೆ ಬೆರಳು ತೋರಿಸಿ ಪಿಚರ್‌ಗೆ ಗುಟ್ಟಾಗಿ ಹೇಳುವವನು ಅವನು. ಯಾರಾದರೂ ಕದ್ದು ಎರಡನೆಯ ಬೇಸಿಗೆ ಓಡಿದರೆ ಕೂತಲ್ಲಿಂದ ಚಿಗಿದು ನೂರಿಪ್ಪತ್ತೇಳು ಅಡಿ ದೂರಕ್ಕೆ ಬಾಣದಂತೆ ಎಸೆಯಬೇಕಾದವನೂ ಅವನೇ. ಇಷ್ಟೆಲ್ಲ ದಣಿದ ಮೇಲೆ ಬ್ಯಾಟೂ ಹಿಡಿಯಬೇಕು. ಆದ್ದರಿಂದ ಕ್ಯಾಚರ್‌ಗಳು ದೊಡ್ಡ ಹೊಡೆತಗಾರರಾಗುವುದು ಅಪರೂಪ. ಗಿಬ್ಸನ್ ಕ್ಯಾಚರ್ ಆಗಿದ್ದ, ಮತ್ತು ಎಲ್ಲರಿಗಿಂತ ದೊಡ್ಡ ಹೊಡೆತಗಾರನೂ ಆಗಿದ್ದ.

ಹಾಗಾದರೆ ಅವನ ಲೆಕ್ಕ ಪುಸ್ತಕಕ್ಕೆ ಏಕೆ ಏರಲಿಲ್ಲ? ಅವನ ಚರ್ಮದ ಬಣ್ಣ ಕಪ್ಪು, ಅದಕ್ಕೆ.

1884ರಲ್ಲಿ ಟೊಲೀಡೊ ಊರಿನ ತಂಡದಲ್ಲಿ ಮೋಸೆಸ್ ಫ್ಲೀಟ್‌ವುಡ್ ವಾಕರ್ ಎಂಬ ಕಪ್ಪು ಯುವಕ ದೊಡ್ಡ ಲೀಗಿನಲ್ಲಿ ಆಡಿದ್ದ. ನೋಡಿ, ಅವನೂ ಕ್ಯಾಚರೇ. ಆಮೇಲೆ ಬಿಳಿಯ ಮಾಲೀಕರು ಸೇರಿಕೊಂಡು ಬಾಗಿಲು ಹಾಕಿದರು. ಕಾನೂನು ಮಾಡಲಿಲ್ಲ, ನೋಟೀಸು ಅಂಟಿಸಲಿಲ್ಲ. ಸದ್ಗೃಹಸ್ಥರ ಒಪ್ಪಂದ ಎಂಬ ಹೆಸರಿನ ಬಾಯಿಮಾತು ಅದು. ಬರೆದಿಟ್ಟ ನಿಯಮವನ್ನಾದರೆ ಪ್ರಶ್ನಿಸಬಹುದು, ಅರ್ಜಿ ಹಾಕಬಹುದು, ಕೋರ್ಟಿಗೆ ಹೋಗಬಹುದು. ಬರೆಯದ ನಿಯಮಕ್ಕೆ ಏನು ಮಾಡುತ್ತೀರಿ? ಆ ಬಾಗಿಲು ಆರು ದಶಕ ತೆರೆಯಲಿಲ್ಲ.

ಕಪ್ಪು ಜನ ಸುಮ್ಮನೆ ಕೂರಲಿಲ್ಲ. ತಮ್ಮದೇ ತಂಡಗಳನ್ನು ಕಟ್ಟಿದರು. 1920ರಲ್ಲಿ ರೂಬ್ ಫಾಸ್ಟರ್ ಎಂಬ ಹಳೆಯ ಪಿಚರ್ ಕಾನ್ಸಾಸ್ ಸಿಟಿಯಲ್ಲಿ ತಂಡದ ಮಾಲೀಕರನ್ನೆಲ್ಲ ಸೇರಿಸಿ ನೀಗ್ರೋ ನ್ಯಾಷನಲ್ ಲೀಗ್ ಸ್ಥಾಪಿಸಿದ. ನೀಗ್ರೋ ಎಂಬ ಪದವನ್ನು ಈಗ ಯಾರೂ ಬಳಸಬಾರದು, ಅದು ನೋಯಿಸುವ ಮಾತು. ಲೀಗಿನ ಹೆಸರೇ ಅದಾದ್ದರಿಂದ ಚರಿತ್ರೆಯಲ್ಲಿ ಹಾಗೆಯೇ ಉಳಿದಿದೆ.

ಜಾಶ್ ಗಿಬ್ಸನ್ ಹುಟ್ಟಿದ್ದು 1911ರ ಡಿಸೆಂಬರ್ 21ರಂದು, ದಕ್ಷಿಣದ ಜಾರ್ಜಿಯಾ ರಾಜ್ಯದ ಬ್ಯೂನಾ ವಿಸ್ಟಾ ಎಂಬ ಸಣ್ಣ ಊರಿನಲ್ಲಿ. ಅಪ್ಪ ಕೋರು ಪಾಲಿಗೆ ಬೇರೆಯವರ ಹೊಲ ಗೇಯುತ್ತಿದ್ದವನು. ಅದರಲ್ಲಿ ಹೊಟ್ಟೆ ತುಂಬದೆ ಉತ್ತರದ ಪಿಟ್ಸ್‌ಬರ್ಗಿಗೆ ಹೋಗಿ ಉಕ್ಕಿನ ಕಾರ್ಖಾನೆ ಸೇರಿದ, ಆಮೇಲೆ ಹೆಂಡತಿ ಮಕ್ಕಳನ್ನು ಕರೆಸಿಕೊಂಡ. ಹುಡುಗ ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟು ಕೂಲಿಗೆ ಸೇರಿದ. ಒಂದು ದೊಡ್ಡ ಅಂಗಡಿಯಲ್ಲಿ ಲಿಫ್ಟ್ ನಡೆಸುವ ಕೆಲಸವನ್ನೂ ಮಾಡಿದ. ಸಂಜೆ ಹೊತ್ತು ಬೇಸ್‌ಬಾಲ್. ಆಳು 6 ಅಡಿ 1 ಅಂಗುಲ, ಭುಜ ಬಾಗಿಲಗಲ.

ಅವನು ದೊಡ್ಡ ತಂಡಕ್ಕೆ ಬಂದ ಬಗ್ಗೆ ಒಂದು ಕಥೆ ಹೇಳುತ್ತಾರೆ. 1930ರ ಜುಲೈ. ಪಿಟ್ಸ್‌ಬರ್ಗಿನಲ್ಲಿ ಹೋಮ್‌ಸ್ಟೆಡ್ ಗ್ರೇಸ್ ತಂಡಕ್ಕೂ ಕಾನ್ಸಾಸ್ ಸಿಟಿ ಮೊನಾರ್ಕ್ಸ್ ತಂಡಕ್ಕೂ ರಾತ್ರಿ ಪಂದ್ಯ. ಮೊನಾರ್ಕ್ಸ್ ತಂಡ ಲಾರಿಯ ಮೇಲೆ ದೀಪದ ಕಂಬಗಳನ್ನು ಹೇರಿಕೊಂಡು ಊರೂರು ಸುತ್ತುತ್ತಿತ್ತು. ಬಿಳಿಯರ ದೊಡ್ಡ ಲೀಗಿಗೆ ರಾತ್ರಿ ಆಟ ಬಂದದ್ದು 1935ರಲ್ಲಿ, ಇವರು ಅದಕ್ಕೆ ಐದು ವರ್ಷ ಮೊದಲೇ ದೀಪ ಹಚ್ಚಿದ್ದರು! ಆ ಮಂದ ಬೆಳಕಿನಲ್ಲಿ ಗ್ರೇಸ್ ತಂಡದ ಕ್ಯಾಚರ್‌ನ ಬೆರಳು ಸೀಳಿತಂತೆ. ಬದಲಿ ಯಾರೂ ಇಲ್ಲ. ಪ್ರೇಕ್ಷಕರ ಮಧ್ಯೆ ಕೂತಿದ್ದ 18ರ ಹುಡುಗನನ್ನು ಕರೆದು ಅಂಗಿ ತೊಡಿಸಿ ಇಳಿಸಿದರಂತೆ. ಕಥೆಯ ವಿವರ ಹೇಳುವವರ ಬಾಯಲ್ಲಿ ಸ್ವಲ್ಪ ಬದಲಾಗುತ್ತದೆ. ಆದರೆ ಆ ಬೇಸಗೆಯಲ್ಲಿ ಗಿಬ್ಸನ್ ಗ್ರೇಸ್ ತಂಡ ಸೇರಿದ್ದು ಖಚಿತ.

ಅದೇ ಬೇಸಗೆ, ಆಗಸ್ಟ್ ತಿಂಗಳಲ್ಲಿ, ಅವನ ಹೆಂಡತಿ ಹೆಲೆನ್ ಅವಳಿ ಮಕ್ಕಳನ್ನು ಹೆತ್ತು ಆಸ್ಪತ್ರೆಯಲ್ಲೇ ತೀರಿಕೊಂಡಳು. ಅವಳಿಗಿನ್ನೂ ಇಪ್ಪತ್ತೂ ತುಂಬಿರಲಿಲ್ಲ. ಗಂಡು ಮಗುವಿಗೆ ಅಪ್ಪನ ಹೆಸರಿಟ್ಟರು, ಹೆಣ್ಣು ಮಗುವಿಗೆ ಅಮ್ಮನ ಹೆಸರು. ಮಕ್ಕಳು ಅಜ್ಜಿಯ ಮನೆಯಲ್ಲಿ ಬೆಳೆದರು. ಅಪ್ಪ ಆಟದ ದಾರಿ ಹಿಡಿದ. ಹದಿನೆಂಟು ವರ್ಷದ ಹುಡುಗ ಮತ್ತೇನು ಮಾಡಬಲ್ಲವನಾಗಿದ್ದ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅವನಿಗೆ ಬರುತ್ತಿದ್ದ ಕಸುಬು ಅದೊಂದೇ.

1932ರಲ್ಲಿ ಅದೇ ಊರಿನ ಪಿಟ್ಸ್‌ಬರ್ಗ್ ಕ್ರಾಫರ್ಡ್ಸ್ ತಂಡಕ್ಕೆ ಹೋದ. ಆ ತಂಡದ ಮಾಲೀಕ ಗಸ್ ಗ್ರೀನ್‌ಲೀ ನಂಬರ್ ಆಟದ ಧಣಿ, ಅಂದರೆ ನಮ್ಮಲ್ಲಿ ಮಟ್ಕಾ, ಓಸಿ ಅನ್ನುತ್ತಾರಲ್ಲ, ಅಂಥದ್ದು. ಜನ ಮೂರು ಅಂಕಿಯ ಮೇಲೆ ಚಿಲ್ಲರೆ ಕಾಸು ಕಟ್ಟುತ್ತಿದ್ದರು. ತಪ್ಪು ದಾರಿಯ ದುಡ್ಡೇ, ನಾನು ಸಮರ್ಥಿಸುವುದಿಲ್ಲ. ಆದರೆ ಬಿಳಿಯರ ಬ್ಯಾಂಕುಗಳು ಕಪ್ಪು ವ್ಯಾಪಾರಿಗಳಿಗೆ ಸಾಲ ಕೊಡಲು ಮೂಗು ಮುರಿಯುತ್ತಿದ್ದ ಕಾಲ ಅದು. ಬ್ಯಾಂಕು ಕೈ ಎತ್ತಿದ ಕಡೆ ಇನ್ಯಾರೋ ಕೈ ಚಾಚುತ್ತಾರೆ. ಇದನ್ನು ನಾನು ಕೌಂಟರಿನ ಈಚೆ ಕೂತು ನೋಡಿದವನು. ಗ್ರೀನ್‌ಲೀ ಆ ದುಡ್ಡಿನಲ್ಲಿ ತಂಡಕ್ಕೆ ಸ್ವಂತ ಮೈದಾನ ಕಟ್ಟಿಸಿದ.

ಎಂಥ ತಂಡ ಅದು! ಮಹಾ ಪಿಚರ್ ಸ್ಯಾಚೆಲ್ ಪೇಜ್ ಎಸೆಯುವುದು, ಗಿಬ್ಸನ್ ಹಿಡಿಯುವುದು. ಓಟಕ್ಕೆ ಕೂಲ್ ಪಾಪಾ ಬೆಲ್. ಈ ಬೆಲ್ ಎಷ್ಟು ಚುರುಕೆಂದರೆ, ದೀಪದ ಸ್ವಿಚ್ ಆರಿಸಿ ಕೋಣೆ ಕತ್ತಲಾಗುವ ಮೊದಲೇ ಹಾಸಿಗೆಯಲ್ಲಿ ಮಲಗಿರುತ್ತಿದ್ದ ಎಂದು ಪೇಜ್ ಹೇಳುತ್ತಿದ್ದ. ಗಿಬ್ಸನ್ ಬಗ್ಗೆಯೂ ಒಂದು ಬುರುಡೆ ಇದೆ. ಪಿಟ್ಸ್‌ಬರ್ಗಿನಲ್ಲಿ ಒಂದು ಸಂಜೆ ಅವನು ಹೊಡೆದ ಚೆಂಡು ಆಕಾಶಕ್ಕೆ ಹೋದದ್ದು ಮರಳಿ ಬರಲೇ ಇಲ್ಲ. ಮಾರನೆಯ ದಿನ ಫಿಲಡೆಲ್ಫಿಯಾದಲ್ಲಿ ಪಂದ್ಯ ನಡೆಯುತ್ತಿರುವಾಗ ಮೇಲಿನಿಂದ ಒಂದು ಚೆಂಡು ಧೊಪ್ಪನೆ ಎದುರಾಳಿಯ ಕೈಗೆ ಬಿತ್ತು. ಅಂಪೈರ್ ಬೆರಳು ತೋರಿಸಿ, "ಗಿಬ್ಸನ್, ನೀನು ನಿನ್ನೆ ಪಿಟ್ಸ್‌ಬರ್ಗಿನಲ್ಲಿ ಔಟ್!" ಅಂದನಂತೆ. ಬುರುಡೆಯೇ ಸರಿ. ಆದರೆ ಸುಮ್ಮಸುಮ್ಮನೆ ಯಾರ ಬಗ್ಗೆಯೂ ಜನ ಇಂಥ ಬುರುಡೆ ಕಟ್ಟುವುದಿಲ್ಲ.

ದಿನದ ಬದುಕು ಕಥೆಯಷ್ಟು ಚಂದವಿರಲಿಲ್ಲ. ಲೀಗಿನ ಪಂದ್ಯಗಳಿಂದಷ್ಟೇ ಹೊಟ್ಟೆ ತುಂಬದು. ನಡುವೆ ಬಸ್ಸಿನಲ್ಲಿ ಊರೂರು ತಿರುಗಿ ಗಿರಣಿ ತಂಡ, ಹಳ್ಳಿ ತಂಡ, ಸಿಕ್ಕಿದವರೊಂದಿಗೆಲ್ಲ ಆಡಬೇಕು. ಒಂದೇ ದಿನ ಎರಡು ಪಂದ್ಯ, ಕೆಲವೊಮ್ಮೆ ಮೂರು. ಎಷ್ಟೋ ಊರುಗಳಲ್ಲಿ ಹೋಟೆಲಿನವರು ಕೋಣೆ ಕೊಡುವುದಿಲ್ಲ, ಊಟಕ್ಕೆ ಒಳಗೆ ಬಿಡುವುದಿಲ್ಲ. ಅಂಗಡಿಯಿಂದ ಬ್ರೆಡ್ಡು ಕಟ್ಟಿಸಿಕೊಂಡು ಬಸ್ಸಿನಲ್ಲೇ ತಿಂದು, ಬಸ್ಸಿನಲ್ಲೇ ಮಲಗಿ, ಬೆಳಗಾದರೆ ಮತ್ತೆ ಜಾಲರಿ ಕಟ್ಟಿಕೊಂಡು ಕುಕ್ಕರುಗಾಲು. ಅವನು ಆಡುವುದನ್ನು ನೋಡಲು ಟಿಕೆಟ್ ಕೊಂಡು ಬಂದ ಊರಿನಲ್ಲೇ ಅವನಿಗೆ ಒಂದು ಲೋಟ ಕಾಫಿ ಹುಟ್ಟುತ್ತಿರಲಿಲ್ಲ.

1937ರಲ್ಲಿ ಡೊಮಿನಿಕನ್ ಗಣರಾಜ್ಯದ ಸರ್ವಾಧಿಕಾರಿ ಟ್ರುಹಿಯೊನ ಹೆಸರಿನ ತಂಡಕ್ಕೆ ಆಡಲು ಪೇಜ್, ಬೆಲ್, ಗಿಬ್ಸನ್ ಎಲ್ಲ ಹೋದರು. ಕಪ್ಪನ್ನು ಗೆದ್ದರು. ಗೆಲ್ಲದಿದ್ದರೆ ಬಂದೂಕಿನ ಸಿಪಾಯಿಗಳು ಏನು ಮಾಡುತ್ತಿದ್ದರೋ ಎಂಬ ಭಯದಲ್ಲೇ ಆಡಿದೆವು ಎಂದು ಪೇಜ್ ಮುಂದೆ ರಸವತ್ತಾಗಿ ಹೇಳುತ್ತಿದ್ದ. ಆಮೇಲೆ 1940 ಮತ್ತು 41ರಲ್ಲಿ ಗಿಬ್ಸನ್ ಮೆಕ್ಸಿಕೋದ ವೆರಾಕ್ರೂಸ್ ತಂಡಕ್ಕೆ ಆಡಿದ. ಅಲ್ಲಿ ಸಂಬಳ ಹೆಚ್ಚು, ಬೇಕಾದ ಹೋಟೆಲಿಗೆ ಮುಂಬಾಗಿಲಿನಿಂದಲೇ ಹೋಗಬಹುದು. ಗ್ರೇಸ್ ತಂಡದವರು ಕೋರ್ಟಿಗೆ ಹೋದ ಮೇಲೆ ವಾಪಸ್ ಬಂದ.

ಗ್ರೇಸ್ ತಂಡ ಆಗ ತನ್ನ ಪಂದ್ಯಗಳಲ್ಲಿ ಅನೇಕವನ್ನು ರಾಜಧಾನಿ ವಾಷಿಂಗ್ಟನ್ನಿನ ಗ್ರಿಫಿತ್ ಕ್ರೀಡಾಂಗಣದಲ್ಲಿ ಆಡುತ್ತಿತ್ತು. ಅದು ಬಿಳಿಯರ ತಂಡವಾದ ಸೆನೆಟರ್ಸ್‌ನ ಮನೆ. ಅವರು ಪರಊರಿಗೆ ಹೋದಾಗ ಮೈದಾನ ಗ್ರೇಸ್‌ಗೆ ಬಾಡಿಗೆಗೆ. ಮಾಲೀಕ ಕ್ಲಾರ್ಕ್ ಗ್ರಿಫಿತ್ ಒಂದು ದಿನ ಗಿಬ್ಸನ್‌ನನ್ನೂ ಅವನ ಜೊತೆಗಾರ ಬಕ್ ಲಿಯೋನಾರ್ಡ್‌ನನ್ನೂ ತನ್ನ ಕಚೇರಿಗೆ ಕರೆಸಿದ. ದೊಡ್ಡ ಲೀಗಿನಲ್ಲಿ ಆಡಲು ಇಷ್ಟವಿದೆಯೇ ಎಂದು ಕೇಳಿದ. ಇದೆ ಅಂದರು. ಆಡಬಲ್ಲಿರಾ? ಆಡಬಲ್ಲೆವು ಅಂದರು. ಅಷ್ಟೇ. ಮತ್ತೆ ಆ ಮಾತೇ ಬರಲಿಲ್ಲ. ಇದನ್ನು ಲಿಯೋನಾರ್ಡ್ ಮುದುಕನಾದ ಮೇಲೂ ಹೇಳಿಕೊಳ್ಳುತ್ತಿದ್ದ. ಅದೇ ವಾಷಿಂಗ್ಟನ್ನಿನ ಹಳೆಯ ಮಹಾ ಪಿಚರ್ ವಾಲ್ಟರ್ ಜಾನ್ಸನ್, ಗಿಬ್ಸನ್‌ನನ್ನು ನೋಡಿ, ಇವನ ಬೆಲೆ ಎರಡು ಲಕ್ಷ ಡಾಲರ್, ಬಿಳಿಯನಾಗಿಲ್ಲದ್ದೇ ಪಾಪ ಎಂಬರ್ಥದ ಮಾತಾಡಿದ್ದ. ನನಗನ್ನಿಸುವುದು ಬಹಳ ಸರಳ: ಗಿಬ್ಸನ್‌ನನ್ನು ಸೇರಿಸಿಕೊಂಡರೆ ಸೆನೆಟರ್ಸ್‌ಗೆ ಒಬ್ಬ ಆಟಗಾರ ಸಿಗುತ್ತಿದ್ದ, ಸೇರಿಸಿಕೊಳ್ಳದಿದ್ದರೆ ಬಾಡಿಗೆ ಸಿಗುತ್ತಿತ್ತು. ಬಾಡಿಗೆ ಲೆಕ್ಕ ಹಾಕುವುದು ಸುಲಭ.

1943ರ ಹೊಸ ವರ್ಷದ ದಿನ ಗಿಬ್ಸನ್ ಎಚ್ಚರ ತಪ್ಪಿ ಬಿದ್ದ. ಮಿದುಳಿನಲ್ಲಿ ಗಡ್ಡೆ ಎಂದರು ಡಾಕ್ಟರು, ಶಸ್ತ್ರಚಿಕಿತ್ಸೆ ಆಗಬೇಕೆಂದರು. ಅವನು ಒಪ್ಪಲಿಲ್ಲ, ಹಾಸಿಗೆ ಹಿಡಿದುಬಿಡುತ್ತೇನೆಂಬ ಭಯ. ಎದ್ದು ಬಂದು ಆ ವರ್ಷ ಹೇಗೆ ಆಡಿದನೆಂದರೆ, ಇಂದಿಗೂ ಒಂದು ಋತುವಿನ ಅತ್ಯುತ್ತಮ ಸರಾಸರಿ ಎಂದು ಪುಸ್ತಕದಲ್ಲಿರುವುದು ಅವನ ಆ ವರ್ಷದ .466. ಅಂದರೆ ಸಾವಿರ ಸಲ ಬ್ಯಾಟು ಹಿಡಿದರೆ 466 ಸಲ ಯಶಸ್ಸು. 300 ಬಂದರೇ ಅಲ್ಲಿ ಒಳ್ಳೆಯ ಆಟಗಾರ ಅನ್ನುತ್ತಾರೆ. 43 ಮತ್ತು 44, ಎರಡು ವರ್ಷವೂ ಗ್ರೇಸ್ ತಂಡ ನೀಗ್ರೋ ವಿಶ್ವ ಸರಣಿ ಗೆದ್ದಿತು.

ಆಮೇಲೆ ತಲೆನೋವು ಹೆಚ್ಚಿತು, ಕುಡಿತ ಹತ್ತಿತು, ಹದಿನೈದು ವರ್ಷ ಕೂತು ಎದ್ದ ಮಂಡಿಗಳು ಸೋತವು. 1945ರ ಅಕ್ಟೋಬರಿನಲ್ಲಿ ಬ್ರೂಕ್ಲಿನ್ ಡಾಜರ್ಸ್ ತಂಡ ಕೊನೆಗೂ ಒಬ್ಬ ಕಪ್ಪು ಆಟಗಾರನನ್ನು ಆರಿಸಿಕೊಂಡಿತು. ಅವನು ಗಿಬ್ಸನ್ ಅಲ್ಲ, ಜಾಕಿ ರಾಬಿನ್ಸನ್. ವಿದ್ಯಾವಂತ, ಸೈನ್ಯದಲ್ಲಿದ್ದವನು, ಗಿಬ್ಸನ್‌ಗಿಂತ ಏಳು ವರ್ಷ ಚಿಕ್ಕವನು. ಆಯ್ಕೆ ತಪ್ಪೆಂದು ನಾನು ಹೇಳಲಾರೆ. ಬೈಗುಳ, ಬೆದರಿಕೆ ಎಲ್ಲ ನುಂಗಿ ಅವನು ಆಡಿದ್ದು ಸಣ್ಣ ಮಾತಲ್ಲ. ರಾಬಿನ್ಸನ್ ದೊಡ್ಡ ಲೀಗಿನ ಮೈದಾನಕ್ಕೆ ಇಳಿದದ್ದು 1947ರ ಏಪ್ರಿಲ್ 15. ಗಿಬ್ಸನ್ ಸತ್ತು ಆಗ 85 ದಿನ. ನಾನು ಕ್ಯಾಲೆಂಡರ್ ಇಟ್ಟುಕೊಂಡು ಎಣಿಸಿದೆ.

ಗಿಬ್ಸನ್‌ನನ್ನು ಪಿಟ್ಸ್‌ಬರ್ಗಿನ ಸ್ಮಶಾನದಲ್ಲಿ ಹೂಳಿದರು. ಗುರುತಿಗೆ ಕಲ್ಲಿಲ್ಲ. 1966ರಲ್ಲಿ ಬಿಳಿಯರ ಮಹಾ ಬ್ಯಾಟುಗಾರ ಟೆಡ್ ವಿಲಿಯಮ್ಸ್ ತನ್ನನ್ನು ಕೂಪರ್ಸ್‌ಟೌನಿನ ಗೌರವ ಮಂದಿರಕ್ಕೆ ಸೇರಿಸಿಕೊಂಡ ಸಮಾರಂಭದಲ್ಲಿ, ಅವಕಾಶ ಸಿಗದ ಪೇಜ್ ಮತ್ತು ಗಿಬ್ಸನ್‌ರಂಥವರೂ ಇಲ್ಲಿರಬೇಕಿತ್ತು ಎಂದ. ತನ್ನ ಸನ್ಮಾನದ ದಿನ ಇನ್ನೊಬ್ಬರ ಹೆಸರು ಹೇಳುವವರು ಎಷ್ಟು ಮಂದಿ ಇದ್ದಾರೆ ಹೇಳಿ! 1972ರಲ್ಲಿ ಗಿಬ್ಸನ್, ಲಿಯೋನಾರ್ಡ್ ಇಬ್ಬರನ್ನೂ ಸೇರಿಸಿಕೊಂಡರು. ಗಿಬ್ಸನ್ ಸಮಾಧಿಗೆ ಕಲ್ಲು ಬಂದದ್ದು ಅದಕ್ಕೂ ಮೂರು ವರ್ಷ ಆದ ಮೇಲೆ.

ಈಗ ಲೆಕ್ಕದ ಮಾತಿಗೆ ಬರೋಣ. ನನಗೆ ರುಚಿಸುವ ಭಾಗ ಇದು.

ಗೌರವ ಮಂದಿರದ ಫಲಕದಲ್ಲಿ ಗಿಬ್ಸನ್ ಹೊಡೆದ ಹೋಮ್ ರನ್ ಸುಮಾರು 800 ಎಂದಿದೆ. ಈಗಿನ ಅಧಿಕೃತ ಲೆಕ್ಕದಲ್ಲಿರುವುದು ಇನ್ನೂರಕ್ಕೂ ಕಡಿಮೆ. ಯಾವುದು ಸುಳ್ಳು? ಯಾವುದೂ ಅಲ್ಲ. ಲೀಗಿನ ಋತುವಿನಲ್ಲಿ ಪಂದ್ಯಗಳು ಕಡಿಮೆ, ಅರವತ್ತು, ಎಂಬತ್ತು ಅಷ್ಟೇ. ಉಳಿದ ನೂರಾರು ಪಂದ್ಯ ಬಸ್ಸು ಹತ್ತಿ ಊರೂರಿನಲ್ಲಿ ಆಡಿದ್ದು. ಅಲ್ಲಿ ಹೊಡೆದ ಹೋಮ್ ರನ್ ನೋಡಿದವರ ನೆನಪಿನಲ್ಲಿದೆ, ಅಧಿಕೃತ ಲೆಕ್ಕಕ್ಕೆ ಬರುವುದಿಲ್ಲ. ಲೀಗಿನ ಪಂದ್ಯಗಳದ್ದೂ ಪೂರಾ ಸಿಕ್ಕಿಲ್ಲ. ಬಿಳಿಯರ ಪತ್ರಿಕೆಗಳು ಈ ಪಂದ್ಯಗಳಿಗೆ ಹೆಚ್ಚು ಜಾಗ ಕೊಡುತ್ತಿರಲಿಲ್ಲ. ಪಿಟ್ಸ್‌ಬರ್ಗ್ ಕೂರಿಯರ್, ಷಿಕಾಗೋ ಡಿಫೆಂಡರ್‌ನಂಥ ಕಪ್ಪು ಜನರ ವಾರಪತ್ರಿಕೆಗಳು ಪಂದ್ಯದ ಪಟ್ಟಿ ಅಚ್ಚು ಹಾಕುತ್ತಿದ್ದವು. ವರದಿ ಒಮ್ಮೆ ಬಂತು, ಒಮ್ಮೆ ಬರಲಿಲ್ಲ. ಆ ಹಳೆಯ ಪತ್ರಿಕೆಗಳನ್ನು ಪುಟಪುಟ ತಿರುವಿ, ಮೈಕ್ರೋಫಿಲ್ಮಿನಲ್ಲಿ ಕಣ್ಣು ಕೆಡಿಸಿಕೊಂಡು, ಸಂಶೋಧಕರು ದಶಕಗಟ್ಟಲೆ ಅಂಕಿ ಕೂಡಿಸಿದರು. ಹೆಚ್ಚಿನವರು ಸಂಬಳಕ್ಕೆ ಮಾಡಿದ ಕೆಲಸವೂ ಅಲ್ಲ.

ನಮ್ಮ ಕಾಲದ ಬ್ಯಾಂಕಿನಲ್ಲಿ ಕಂಪ್ಯೂಟರ್ ಇರಲಿಲ್ಲ. ಜೂನ್, ಡಿಸೆಂಬರ್ ಕೊನೆಗೆ ಅರ್ಧವಾರ್ಷಿಕ ಕ್ಲೋಸಿಂಗ್. ಎಲ್ಲ ಉಳಿತಾಯ ಖಾತೆಗಳ ಬಾಕಿ ಕೂಡಿದರೆ ಜನರಲ್ ಲೆಡ್ಜರಿನ ಅಂಕಿಗೆ ತಾಳೆಯಾಗಬೇಕು. ಒಂದು ಡಿಸೆಂಬರ್ 45 ರೂಪಾಯಿ ವ್ಯತ್ಯಾಸ ಬಂತು. ಮೂರು ರಾತ್ರಿ ಐದು ಜನ ಹುಡುಕಿದೆವು. ಕೊನೆಗೆ ಒಂದು ವೋಚರ್ ಇನ್ನೊಂದರ ಗುಂಡುಸೂಜಿಗೆ ಸಿಕ್ಕಿ ಹಿಂದೆ ಅಡಗಿತ್ತು. ಒಬ್ಬ ಹೂ ಮಾರುವ ಹೆಂಗಸು ಕಟ್ಟಿದ ಹಣ. ದುಡ್ಡು ಬಂದಿತ್ತು, ಚೀಟಿ ಇತ್ತು, ಅವಳ ಖಾತೆಗೆ ಮಾತ್ರ ಏರಿರಲಿಲ್ಲ. ನಮ್ಮ ಹೆಡ್ ಕ್ಯಾಷಿಯರ್ ಆ ರಾತ್ರಿ ಹನ್ನೊಂದಕ್ಕೆ ಎಲ್ಲರಿಗೂ ಮಸಾಲೆ ದೋಸೆ ಕೊಡಿಸಿದರು. ಆ ಮೈಕ್ರೋಫಿಲ್ಮಿನವರ ಸಂತೋಷ ನನಗೆ ಅರ್ಥವಾಗುತ್ತದೆ.

2020ರ ಡಿಸೆಂಬರಿನಲ್ಲಿ ಮೇಜರ್ ಲೀಗ್ ಸಂಸ್ಥೆಯವರು, 1920ರಿಂದ 1948ರವರೆಗಿನ ಏಳು ನೀಗ್ರೋ ಲೀಗುಗಳೂ ದೊಡ್ಡ ಲೀಗುಗಳೇ ಎಂದು ಒಪ್ಪಿಕೊಂಡರು. ಅಂಕಿಗಳನ್ನು ಪರಿಶೀಲಿಸಿ ಸೇರಿಸಲು ಇನ್ನೂ ಮೂರೂವರೆ ವರ್ಷ ಹಿಡಿಯಿತು. 2,300ಕ್ಕೂ ಹೆಚ್ಚು ಆಟಗಾರರ ಹೆಸರು ಪುಸ್ತಕಕ್ಕೆ ಏರಿತು. ಗಿಬ್ಸನ್‌ನ ಜೀವಮಾನದ ಸರಾಸರಿ .372, ಕಾಬ್‌ನದು .367. ಹೊಡೆತದ ಬಲವನ್ನು ಅಳೆಯುವ ಇನ್ನೊಂದು ಸರಾಸರಿಯಲ್ಲಿ ಗಿಬ್ಸನ್ .718, ರೂತ್ .690.

ಇದಕ್ಕೆ ಆಕ್ಷೇಪ ಎತ್ತಿದವರಿದ್ದಾರೆ. ಕಾಬ್ ಮೂರು ಸಾವಿರಕ್ಕೂ ಹೆಚ್ಚು ಪಂದ್ಯ ಆಡಿದವನು, ಗಿಬ್ಸನ್‌ನ ಲೆಕ್ಕ ಸಿಕ್ಕಿರುವ ಪಂದ್ಯ ಅದರ ಕಾಲು ಭಾಗವೂ ಇಲ್ಲ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಹೇಗೆ ತೂಗುತ್ತೀರಿ ಎಂದು. ಗಣಿತದ ದೃಷ್ಟಿಯಿಂದ ಈ ಮಾತಿನಲ್ಲಿ ಹುರುಳಿದೆ, ಕಡಿಮೆ ಪಂದ್ಯದಲ್ಲಿ ಸರಾಸರಿ ಏರುಪೇರಾಗುವುದು ಹೆಚ್ಚು. ಆದರೆ ಪಂದ್ಯ ಕಡಿಮೆಯಾಗಲು ಕಾರಣ ಯಾರು? ಬಾಗಿಲು ಹಾಕಿದವರೇ ಬಂದು, ನೀನು ಒಳಗೆ ಎಷ್ಟು ಹೊತ್ತು ಇದ್ದೆ ಎಂದು ಕೇಳಬಾರದು. ಇನ್ನೊಂದು ಮಾತೂ ಇದೆ. ಕಾಬ್ ಆಡಿದ್ದೂ ಕಪ್ಪು ಪಿಚರ್‌ಗಳನ್ನು ಹೊರಗಿಟ್ಟ ಲೀಗಿನಲ್ಲೇ. ಸ್ಯಾಚೆಲ್ ಪೇಜ್ ಎಸೆದದ್ದನ್ನು ಆ ಲೀಗಿನಲ್ಲಿ ಅವನು ಎದುರಿಸಬೇಕಾಗಿರಲಿಲ್ಲ.

ಗಿಬ್ಸನ್ ನಂತರ ಇನ್ನೊಬ್ಬ ಕ್ಯಾಚರ್ ಬಂದ, ರಾಯ್ ಕ್ಯಾಂಪನೆಲ್ಲಾ. ಹದಿಹರೆಯದಲ್ಲೇ ಅದೇ ನೀಗ್ರೋ ಲೀಗಿನಲ್ಲಿ ಗಿಬ್ಸನ್‌ಗೆ ಎದುರಾಗಿ ಆಡುತ್ತ ಬೆಳೆದವನು. 1948ರಲ್ಲಿ ಬ್ರೂಕ್ಲಿನ್ ತಂಡ ಸೇರಿ ಮೂರು ಬಾರಿ ಲೀಗಿನ ಅತ್ಯುತ್ತಮ ಆಟಗಾರನೆಂಬ ಪ್ರಶಸ್ತಿ ಪಡೆದ. ಗಿಬ್ಸನ್ ತನಗಿಂತ ಮೇಲಿನವನು ಎಂದು ಅವನೇ ಹೇಳುತ್ತಿದ್ದ.

ಅಂದಹಾಗೆ ಆ ಲೀಗುಗಳ ಲೆಕ್ಕ ಸಿಕ್ಕಿರುವುದು ಸುಮಾರು ಮುಕ್ಕಾಲು ಪಾಲು ಅಷ್ಟೇ. ಉಳಿದ ಕಾಲು ಪಾಲನ್ನು ಇನ್ನೂ ಹುಡುಕುತ್ತಿದ್ದಾರೆ. ಯಾವುದೋ ಊರಿನ ಗ್ರಂಥಾಲಯದ ಹಳೆಯ ಪತ್ರಿಕೆಯ ಕಟ್ಟಿನಲ್ಲಿ ಇನ್ನೊಂದು ಪಂದ್ಯದ ಪಟ್ಟಿ ಸಿಕ್ಕರೆ, ಆ .372 ಒಂದಿಷ್ಟು ಮೇಲೆ ಹೋಗಬಹುದು, ಕೆಳಗೂ ಬರಬಹುದು.